ಕಲ್ಲನ್ನು ಓದಿದವರು, ಬೆಳಕಿಗೆ ಕಾದವರು

ಕೇಳುಗರಿಗೆ ನಮಸ್ಕಾರ.

ಜೋರ್ಡಾನಿನ ಪೆಟ್ರಾ ನಗರದ ಹಳೆಯ ಛಾಯಾಚಿತ್ರ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮೊದಲು ಕಂಬಗಳನ್ನು ಎಣಿಸಿ. ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಕಡೆದ ಆ ಪ್ರಸಿದ್ಧ ಮುಂಭಾಗವಿದೆಯಲ್ಲ, ಅಲ್ ಖಜ್ನೆ, ಅದರ ಕೆಳ ಅಂತಸ್ತಿನಲ್ಲಿ ಆರು ಕಂಬಗಳಿರಬೇಕು. ಐದೇ ಕಂಡರೆ ಆ ಚಿತ್ರ 1960ಕ್ಕಿಂತ ಹಿಂದಿನದು. ಬಿದ್ದುಹೋಗಿದ್ದ ಕಂಬವನ್ನು ಆ ವರ್ಷ ಹೊಸದಾಗಿ ಕಟ್ಟಿ ನಿಲ್ಲಿಸಿದರು. ಕಂಬ ಇಲ್ಲದೆಯೂ ಮೇಲಿನ ಭಾಗ ಅಷ್ಟು ಕಾಲ ಕುಸಿಯದೆ ನಿಂತದ್ದು ಹೇಗೆಂದರೆ, ಅದು ಕಟ್ಟಿದ್ದಲ್ಲ, ಬೆಟ್ಟದಿಂದಲೇ ಕೊರೆದು ತೆಗೆದದ್ದು. ಅಂದಹಾಗೆ, ನಾವು ದಿನವೂ ಆಡುವ ಖಜಾನೆ ಎಂಬ ಮಾತೂ ಈ ಖಜ್ನೆಯೂ ಒಂದೇ ಅರಬ್ಬಿ ಬೇರಿನವು. ಆದರೆ ಅಲ್ಲಿ ಖಜಾನೆ ಇರಲಿಲ್ಲ, ಇದ್ದದ್ದು ಗೋರಿ.

ಇದನ್ನು ಕಡೆದವರು ನಬಾಟಿಯನ್ನರು. ಧೂಪ ಮತ್ತು ಸಾಂಬಾರ ಪದಾರ್ಥಗಳ ಒಂಟೆ ವ್ಯಾಪಾರದಿಂದ ಸಿರಿವಂತರಾದ ಅರಬ್ಬರು. ಮರುಭೂಮಿಯಲ್ಲಿ ಮಳೆಯ ಪ್ರತಿ ಹನಿಯನ್ನೂ ಕಾಲುವೆ, ತೊಟ್ಟಿಗಳಲ್ಲಿ ಹಿಡಿದಿಟ್ಟವರು. ಕ್ರಿಸ್ತಶಕ 106ರಲ್ಲಿ ರೋಮ್ ಅವರ ರಾಜ್ಯವನ್ನು ನುಂಗಿತು. ಅವರು ತಮ್ಮ ಚರಿತ್ರೆಯನ್ನು ತಾವೇ ಬರೆದ ಒಂದು ಗ್ರಂಥವೂ ನಮಗೆ ಉಳಿದಿಲ್ಲ. ಗ್ರೀಕರು ಮುಂತಾದ ಹೊರಗಿನವರು ಹೇಳಿದ್ದನ್ನು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಕಲ್ಲಿನ ಮೇಲೆಯೇ.

ಸ್ವಿಟ್ಜರ್ಲೆಂಡಿನ ಪ್ರವಾಸಿ ಬುರ್ಕ್‌ಹಾರ್ಟ್ 1812ರ ಆಗಸ್ಟ್ 22ರಂದು ಶೇಖ್ ಇಬ್ರಾಹಿಂ ಎಂಬ ವೇಷದಲ್ಲಿ, ಪ್ರವಾದಿ ಮೋಸೆಯ ಅಣ್ಣ ಆರೋನನ ಗೋರಿಗೆ ಮೇಕೆ ಬಲಿ ಕೊಡುವ ಹರಕೆಯ ನೆಪ ಹೇಳಿ ಪೆಟ್ರಾವನ್ನು ಹೊಕ್ಕ ಕಥೆ ಅನೇಕರಿಗೆ ಗೊತ್ತು. ನನಗೆ ಅವನಿಗಿಂತ ಹೆಚ್ಚು ಪ್ರಿಯರು ಅವನ ನಂತರ ಬಂದವರು, ಕಂಡದ್ದನ್ನು ಬೇರೆಯವರೂ ಕೂತು ಪರಿಶೀಲಿಸುವಂತೆ ಮಾಡಿದವರು. ಜರ್ಮನಿಯ ಬೇಯರ್ ಎಂಬ ವಿದ್ವಾಂಸ, ಸಿನಾಯ್ ಬಂಡೆಗಳ ಬರಹವನ್ನು ಪ್ರವಾಸಿಗಳು ನಕಲು ಮಾಡಿ ತಂದಿದ್ದ ಹಾಳೆಗಳನ್ನೇ ಹರಡಿಕೊಂಡು, 1840ರಲ್ಲಿ ನಬಾಟಿಯನ್ನರ ಈ ಲಿಪಿಯನ್ನು ಬಿಡಿಸಿದ. ನಕಲು ತಂದವರಿಗೆ ಅದರಲ್ಲಿ ಒಂದಕ್ಷರವೂ ತಿಳಿದಿರಲಿಲ್ಲ.

1876ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡೌಟಿ ಡಮಾಸ್ಕಸಿನಿಂದ ಹಜ್ ಯಾತ್ರಿಕರ ಸಾಲಿನೊಡನೆ ಹೊರಟು ಹೆಗ್ರಾ ತಲುಪಿದ. ಇಂದಿನ ಸೌದಿ ಅರೇಬಿಯಾದಲ್ಲಿರುವ ಇದು ನಬಾಟಿಯನ್ನರ ದಕ್ಷಿಣದ ದೊಡ್ಡ ಊರು. ಗೋರಿಗಳ ಬಾಗಿಲ ಮೇಲಿನ ಶಾಸನಗಳಿಗೆ ಅವನು ಒದ್ದೆ ಕಾಗದ ಒತ್ತಿ ಅಚ್ಚು ತೆಗೆದ. ನಮ್ಮ ಶಾಸನತಜ್ಞರ ಪಡಿಯಚ್ಚಿನ ಅಣ್ಣತಮ್ಮನೇ ಇದು: ಕಾಗದವನ್ನು ನೆನೆಸಿ, ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಬಡಿದು, ಒಣಗಿದ ಮೇಲೆ ಮೆಲ್ಲಗೆ ಬಿಡಿಸಿಕೊಳ್ಳಬೇಕು. ನಮ್ಮವರು ಮೇಲೆ ಮಸಿಯನ್ನೂ ಹಚ್ಚುತ್ತಾರೆ, ಅಷ್ಟೇ ವ್ಯತ್ಯಾಸ. ಡೌಟಿಯ ಅಚ್ಚುಗಳು 1884ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದವು.

ಕಾಗದದ ಹಿಂದೆಯೇ ಕ್ಯಾಮೆರಾ ಬಂತು. ಜೆರುಸಲೇಮಿನ ಇಬ್ಬರು ಡೊಮಿನಿಕನ್ ಪಾದ್ರಿಗಳು, ಜೋಸೆನ್ ಮತ್ತು ಸವಿನ್ಯಾಕ್, 1907ರಿಂದ 1910ರ ನಡುವೆ ಮೂರು ಬಾರಿ ಆ ಕಡೆಗೆ ಹೋದರು. ಆಗ ಚಿತ್ರ ಮೂಡಿಸುತ್ತಿದ್ದ, ಒಡೆಯುವ ಗಾಜಿನ ಫಲಕಗಳನ್ನು ಮರುಭೂಮಿಯಲ್ಲಿ ಜೋಪಾನವಾಗಿ ಒಯ್ದು ತರುವುದು ಹುಡುಗಾಟವಲ್ಲ. ಕೆತ್ತಿದ ಅಕ್ಷರಕ್ಕೆ ಬಿಸಿಲು ನೇರವಾಗಿ ಬಿದ್ದರೆ ಅದು ಮಾಯವಾಗುತ್ತದೆ. ಓರೆಯಾಗಿ ಬಿದ್ದಾಗ ಪ್ರತಿ ಗೀರಿನೊಳಗೂ ನೆರಳು ತುಂಬಿ ಸಾಲು ಎದ್ದು ನಿಲ್ಲುತ್ತದೆ. ಹಾಗಾಗಿ ಶಾಸನದ ಚಿತ್ರ ತೆಗೆಯುವವನಿಗೆ ಕ್ಯಾಮೆರಾದಷ್ಟೇ ತಾಳ್ಮೆಯೂ ಬೇಕು.

ಆ ಶಾಸನಗಳಲ್ಲಿ ಒಂದು ಕಮ್ಕಮ್ ಎಂಬ ಹೆಂಗಸಿನದು. ತನಗೂ ಮಗಳು ಕುಲೈಬತಳಿಗೂ ಅವರ ಸಂತತಿಗೂ ಈ ಗೋರಿ ಮಾಡಿಸಿದ್ದೇನೆ ಎನ್ನುತ್ತಾಳೆ. ಕಾಲ, ರಾಜ ನಾಲ್ಕನೆಯ ಅರೇಟಾಸನ ಒಂಬತ್ತನೆಯ ವರ್ಷ. ಇದನ್ನು ಮಾರುವವನಿಗೆ, ಕೊಳ್ಳುವವನಿಗೆ, ಒತ್ತೆ ಇಡುವವನಿಗೆ ದೇವರು ದುಶಾರನ ಶಾಪ ತಟ್ಟಲಿ, ಸಾಲದ್ದಕ್ಕೆ ಅವನು ಪೂಜಾರಿಗೆ ಸಾವಿರ ಸೆಲಾ ನಾಣ್ಯ ದಂಡ ತೆರಲಿ! ಕೊನೆಯಲ್ಲಿ ಕಡೆದವನ ಹೆಸರು: ವಹಬಲ್ಲಾಹಿ. ದಾನಶಾಸನದ ಕೊನೆಯ ಶಾಪವನ್ನೂ ರೂವಾರಿಯ ಹೆಸರನ್ನೂ ಓದಿ ಬಲ್ಲ ಕನ್ನಡಿಗರಿಗೆ ಇವಳು ಪಕ್ಕದ ಊರಿನವಳಂತೆ ಕಾಣುವುದು ಸಹಜ.

ಈ ವರ್ಷದ ಲೆಕ್ಕವೇ ಮುಂದೆ ದೊಡ್ಡ ಕೆಲಸಕ್ಕೆ ಬಂತು. ಪೆಟ್ರಾದಲ್ಲಿ ನೂರಾರು ಗೋರಿಗಳಿವೆ, ಆದರೆ ಕಾಲ ಹೇಳುವ ಬರಹ ಬಹುತೇಕ ಇಲ್ಲ. ಹೆಗ್ರಾದಲ್ಲಿ ಬರಹವಿದೆ. ಜೂಡಿತ್ ಮೆಕೆಂಜಿ ಎಂಬ ವಿದುಷಿ ಎರಡೂ ಕಡೆಯ ಮುಂಭಾಗಗಳನ್ನು ಅಳೆದು, ಚಿತ್ರ ತೆಗೆದು, ಅಂಚುಪಟ್ಟಿಗಳ ಉಬ್ಬುತಗ್ಗುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರು. ವರ್ಷ ಗೊತ್ತಿರುವ ಕೆತ್ತನೆಯನ್ನು ಅಳತೆಗೋಲಾಗಿ ಹಿಡಿದು ವರ್ಷ ಗೊತ್ತಿಲ್ಲದ್ದಕ್ಕೆ ಕಾಲ ಗೊತ್ತುಮಾಡುವ ದಾರಿ ಅದು. 1990ರಲ್ಲಿ ಅವರ ಗ್ರಂಥ ಬಂತು. ಮುಂದೆ ಅವರು ಆಕ್ಸ್‌ಫರ್ಡ್‌ನಲ್ಲಿ ಮನಾರ್ ಅಲ್ ಅಥರ್ ಎಂಬ ಚಿತ್ರಭಂಡಾರವನ್ನು ಆರಂಭಿಸಿದರು. ಯಾರು ಬೇಕಾದರೂ ಕಾಸು ಕೊಡದೆ ಆ ಚಿತ್ರಗಳನ್ನು ಇಳಿಸಿಕೊಳ್ಳಬಹುದು. ತಾವು ತೆಗೆದ ಚಿತ್ರವನ್ನು ಬೀರುವಿನಲ್ಲಿ ಬೀಗ ಹಾಕಿಡುವ ವಿದ್ವಾಂಸರೂ ಇರುವ ಲೋಕದಲ್ಲಿ ಇದು ಸಣ್ಣ ಔದಾರ್ಯವಲ್ಲ. 2019ರಲ್ಲಿ ಮೆಕೆಂಜಿ ತೀರಿಕೊಂಡರು.

ಮೇಲಿನಿಂದ ನೋಡಿದವರೂ ಇದ್ದಾರೆ. 1920ರ ದಶಕದಲ್ಲಿ ಅಲೆಗ್ಸಾಂಡರ್ ಕೆನಡಿ ಎಂಬ ಎಂಜಿನಿಯರ್ ಪೆಟ್ರಾ ಕುರಿತ ತಮ್ಮ ಪುಸ್ತಕಕ್ಕೆ ಬ್ರಿಟಿಷ್ ವಾಯುಪಡೆಯ ಚಿತ್ರಗಳನ್ನು ಬಳಸಿಕೊಂಡರು. 1997ರಿಂದ ಡೇವಿಡ್ ಕೆನಡಿ ಎಂಬ ಇನ್ನೊಬ್ಬ ಕೆನಡಿ ಜೋರ್ಡಾನ್ ವಾಯುಪಡೆಯ ಹೆಲಿಕಾಪ್ಟರಿನಲ್ಲಿ ಸುತ್ತುತ್ತ ದೇಶದ ಪುರಾತನ ನೆಲೆಗಳನ್ನು ಚಿತ್ರಿಸತೊಡಗಿದರು.

2016ರಲ್ಲಿ ಸಾರಾ ಪಾರ್ಕಾಕ್ ಮತ್ತು ಕ್ರಿಸ್ಟೋಫರ್ ಟಟಲ್ ಎಂಬ ಪುರಾತತ್ವಜ್ಞರು ಉಪಗ್ರಹ ಚಿತ್ರ, ಡ್ರೋನ್ ಚಿತ್ರ ಮತ್ತು ನೆಲದ ಅಳತೆಗಳನ್ನು ಸೇರಿಸಿ ಪೆಟ್ರಾದಲ್ಲಿ ಒಂದು ಬೃಹತ್ ಜಗಲಿಯನ್ನು ಗುರುತಿಸಿದ್ದಾಗಿ ಪ್ರಕಟಿಸಿದರು. ಉದ್ದ ಸುಮಾರು 56 ಮೀಟರ್, ಅಗಲ 49. ಅದು ಇದ್ದದ್ದು ಯಾವುದೋ ದೂರದ ಕಣಿವೆಯಲ್ಲಲ್ಲ, ನಗರದ ನಡುಭಾಗದಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ. ಇನ್ನೂರು ವರ್ಷಗಳಿಂದ ವಿದ್ವಾಂಸರೂ ಚಿತ್ರಗಾರರೂ ಪ್ರವಾಸಿಗಳೂ ಆ ಸುತ್ತಮುತ್ತಲೇ ಓಡಾಡಿಕೊಂಡಿದ್ದರು.

ನಮಸ್ಕಾರ.