ತವರಿನ ಅಂಗಳಕ್ಕೆ ಕವಿದ ಮೌನ: ಇಂಗ್ಲೆಂಡಿನ ಫುಟ್‌ಬಾಲ್ ಕ್ರೀಡಾಂಗಣಗಳ ಕುರಿತು

ಸಭೆಯಲ್ಲಿರುವ ಹಿರಿಯರಿಗೂ ಫುಟ್‌ಬಾಲ್ ಪ್ರೀತಿಯಿಂದ ಇಲ್ಲಿ ಸೇರಿರುವ ಗೆಳೆಯರಿಗೂ ನಮಸ್ಕಾರ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಟಿವಿಯಲ್ಲಿ ನೋಡುವ ನಮ್ಮಲ್ಲಿ ಅನೇಕರ ಗಮನಕ್ಕೆ ಒಂದು ಸಂಗತಿ ಬಂದಿರಬಹುದು. 60,000 ಜನ ತುಂಬಿದ ಕ್ರೀಡಾಂಗಣದಲ್ಲಿ ತವರು ತಂಡ ಚೆಂಡನ್ನು ತನ್ನ ಹಿಡಿತದಲ್ಲಿಟ್ಟುಕೊಂಡು ಆಡುತ್ತಿರುತ್ತದೆ. ಆದರೆ ನಮಗೆ ಕೇಳಿಸುವ ಹಾಡು ಒಂದು ಮೂಲೆಯಲ್ಲಿ ನಿಂತಿರುವ ಎದುರಾಳಿ ತಂಡದ ಅಭಿಮಾನಿಗಳದ್ದು. ಲೀಗಿನ ನಿಯಮದಂತೆ ಹೊರ ಊರಿನಿಂದ ಬಂದವರಿಗೆ ಸಿಗುವುದು ಹೆಚ್ಚೆಂದರೆ 3,000 ಟಿಕೆಟ್. ಕ್ರೀಡಾಂಗಣ ಚಿಕ್ಕದಾಗಿದ್ದರೆ ಒಟ್ಟು ಆಸನಗಳಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಅಷ್ಟು ಜನರ ದನಿ ಉಳಿದವರೆಲ್ಲರ ದನಿಯನ್ನು ಮುಳುಗಿಸುತ್ತದೆ. ಮುಂದಿನ ವಾರ ಅದೇ ತವರು ತಂಡ ಬೇರೆ ಊರಿಗೆ ಆಡಲು ಹೋಗುತ್ತದೆ. ಆಗ ಅದರ ಜೊತೆಯಲ್ಲಿ ಹೋದ ಅಭಿಮಾನಿಗಳು ಅಲ್ಲಿನ ಮೂಲೆಯಲ್ಲಿ ನಿಂತು, ತಂಡ ಸೋಲುತ್ತಿದ್ದರೂ, ಕೊನೆಯ ಶಿಳ್ಳೆಯವರೆಗೂ ಹಾಡುತ್ತಾರೆ. ಮನೆಯಲ್ಲಿ ಮೌನವಾಗಿದ್ದವರು ಹೊರಗೆ ಹೋದ ಕೂಡಲೇ ದನಿ ಪಡೆದದ್ದು ಹೇಗೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಇಂದಿನ ಪ್ರೇಕ್ಷಕನಿಗೆ ಹಿಂದಿನವರ ಅಭಿಮಾನವಿಲ್ಲ ಎಂಬುದು. ನಾನು ಅದನ್ನು ಒಪ್ಪುವುದಿಲ್ಲ. ಪ್ರೇಕ್ಷಕರ ದನಿ ಸಂಖ್ಯೆಯಿಂದ ಹುಟ್ಟುವುದಿಲ್ಲ, ಒಡನಾಟದಿಂದ ಹುಟ್ಟುತ್ತದೆ. ಭಜನೆಯಲ್ಲಿ ಒಬ್ಬರು ಎತ್ತಿಕೊಡಬೇಕು, ಪಕ್ಕದವರು ಹಿಡಿಯಬೇಕು, ಆಮೇಲೆ ಅದು ಹಿಂದಿನ ಸಾಲಿಗೆ ಹಬ್ಬಬೇಕು. ಎತ್ತಿಕೊಡುವವರನ್ನೂ ಹಿಡಿಯುವವರನ್ನೂ ಬೇರೆ ಬೇರೆ ಮೂಲೆಗಳಲ್ಲಿ ಕೂರಿಸಿದರೆ ಮಂಟಪ ತುಂಬಿದ್ದರೂ ಭಜನೆ ಏಳುವುದಿಲ್ಲ. ಇಂಗ್ಲೆಂಡಿನ ಕ್ರೀಡಾಂಗಣಗಳಲ್ಲಿ ಕಳೆದ ಮೂರು ದಶಕಗಳಿಗೂ ಹೆಚ್ಚು ಕಾಲದಲ್ಲಿ ನಡೆದಿರುವುದು ಇದೇ. ಯಾರೂ ಮೌನವನ್ನು ಬಯಸಲಿಲ್ಲ. ಆದರೆ ಗುಂಪುಗಳು ಚದುರಿದವು, ಅವುಗಳೊಂದಿಗೆ ದನಿಯೂ ಚದುರಿತು.

ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಕ್ರೀಡಾಂಗಣದ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿ ಒಂದು ಗೋಲಿನ ಹಿಂದಿರುವ ಸ್ಟ್ಯಾಂಡಿಗೆ ಕಾಪ್ ಎಂದು ಹೆಸರು. ದಕ್ಷಿಣ ಆಫ್ರಿಕಾದ ಸ್ಪಿಯನ್ ಕಾಪ್ ಎಂಬ ಗುಡ್ಡದ ಮೇಲೆ 1900ರಲ್ಲಿ ನಡೆದ ಯುದ್ಧದಲ್ಲಿ ಲಿವರ್‌ಪೂಲ್ ಭಾಗದ ಅನೇಕ ಸೈನಿಕರು ಮಡಿದರು. ಅವರ ನೆನಪಿಗೆ ಈ ಹೆಸರು ಬಂತು. (ಆ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸಿದ ಭಾರತೀಯ ಆಂಬುಲೆನ್ಸ್ ದಳದಲ್ಲಿ ಮೋಹನದಾಸ ಗಾಂಧಿಯವರೂ ಇದ್ದರು.) 1928ರಲ್ಲಿ ಕಾಪ್‌ಗೆ ಚಾವಣಿ ಹಾಕಿದ ಮೇಲೆ ಅಲ್ಲಿ ಸುಮಾರು 28,000 ಜನ ನಿಂತು ಪಂದ್ಯ ನೋಡುತ್ತಿದ್ದರು. ಯಾರಿಗೂ ಇಂಥದ್ದೇ ಸ್ಥಳವೆಂದು ಗೊತ್ತುಮಾಡಿರಲಿಲ್ಲ. ಆದ್ದರಿಂದಲೇ ಗೆಳೆಯರ ಪ್ರತಿಯೊಂದು ಗುಂಪೂ ತನ್ನದೇ ಒಂದು ಸ್ಥಳವನ್ನು ಮಾಡಿಕೊಂಡಿತ್ತು. ಇಂಥ ಕಂಬಿಯ ಪಕ್ಕ, ಇಂಥ ಮೆಟ್ಟಿಲಿನ ಮೇಲೆ ಎಂದು ಗುರುತು ಹಿಡಿದು, ಒಂದೇ ಬೀದಿಯವರು, ಒಂದೇ ಕಾರ್ಖಾನೆಯವರು, ಅಣ್ಣ ತಮ್ಮಂದಿರು ಒಟ್ಟಿಗೆ ನಿಲ್ಲುತ್ತಿದ್ದರು. ಹದಿನಾರು ವರ್ಷದ ಹುಡುಗ ಕೈಖರ್ಚಿನ ಹಣದಲ್ಲಿ ಒಳಗೆ ಬಂದು, ದೊಡ್ಡವರ ನಡುವೆ ನಿಂತು ಹಾಡುಗಳನ್ನು ಕಲಿಯುತ್ತಿದ್ದ. ಚಾವಣಿ ತಗ್ಗಾಗಿತ್ತು, ದನಿ ಅದಕ್ಕೆ ಬಡಿದು ಮೈದಾನದ ಕಡೆಗೆ ತಿರುಗುತ್ತಿತ್ತು. 1994ರ ಏಪ್ರಿಲ್ 30ರಂದು ನಾರ್ವಿಚ್ ತಂಡದ ಎದುರು ನಡೆದ ಪಂದ್ಯದಲ್ಲಿ ಜನ ಅಲ್ಲಿ ಕೊನೆಯ ಬಾರಿಗೆ ನಿಂತರು. ಲಿವರ್‌ಪೂಲ್ ಆ ಪಂದ್ಯವನ್ನು ಒಂದು ಗೋಲಿನಿಂದ ಸೋತಿತು. ಅನಂತರ ಕಟ್ಟಿದ ಹೊಸ ಕಾಪ್‌ನಲ್ಲಿ ಆಸನಗಳು ಬಂದವು. ಜನರ ಸಂಖ್ಯೆ 12,000ದ ಆಸುಪಾಸಿಗೆ ಇಳಿಯಿತು.

ಆಸನಗಳು ಏಕೆ ಬಂದವು ಎಂಬುದನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯವಾಗುತ್ತದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವೆ ಎಫ್‌ಎ ಕಪ್ ಟೂರ್ನಿಯ ಉಪಾಂತ್ಯ ಪಂದ್ಯವಿತ್ತು. ಬೇಲಿಯಿಂದ ಸುತ್ತುವರಿದ ನಿಲ್ಲುವ ಅಂಕಣಗಳೊಳಗೆ ಮಿತಿಮೀರಿ ಜನ ಸೇರಿ ನುಜ್ಜುಗುಜ್ಜಾದರು. 97 ಜೀವಗಳು ಹೋದವು. ತಪ್ಪನ್ನು ಸತ್ತವರ ಮೇಲೆಯೇ ಹೊರಿಸುವ ಪ್ರಯತ್ನ ವರ್ಷಗಟ್ಟಲೆ ನಡೆಯಿತು. ಅಭಿಮಾನಿಗಳ ನಡತೆ ಈ ದುರಂತಕ್ಕೆ ಕಾರಣವಲ್ಲ, ಅವರ ಸಾವು ಕಾನೂನುಬಾಹಿರ ಹತ್ಯೆ ಎಂದು ನ್ಯಾಯಮಂಡಳಿಯ ತೀರ್ಮಾನ ಬಂದದ್ದು 2016ರಲ್ಲಿ. ಹಿಲ್ಸ್‌ಬರೋ ದುರಂತಕ್ಕೂ ನಾಲ್ಕು ವರ್ಷ ಹಿಂದೆ, 1985ರಲ್ಲಿ, ಬ್ರಾಡ್‌ಫರ್ಡ್‌ನ ಮರದ ಸ್ಟ್ಯಾಂಡಿಗೆ ಬೆಂಕಿ ಹತ್ತಿ 56 ಜನ ತೀರಿಕೊಂಡಿದ್ದರು. ಹಳೆಯ ಕ್ರೀಡಾಂಗಣಗಳ ದನಿಯನ್ನು ನೆನೆಯುವಾಗ ಈ ಸಾವುಗಳನ್ನು ಮರೆಯುವ ಹಕ್ಕು ಯಾರಿಗೂ ಇಲ್ಲ. ಆ ದನಿಯೆಲ್ಲವೂ ಒಳ್ಳೆಯದಾಗಿತ್ತು ಎನ್ನಲೂ ಆಗುವುದಿಲ್ಲ. ಕರಿಯ ಆಟಗಾರರ ಮೇಲೆ ಬಾಳೆಹಣ್ಣು ಎಸೆಯುತ್ತಿದ್ದ ಕಾಲ ಅದು. 1988ರಲ್ಲಿ ಲಿವರ್‌ಪೂಲ್ ಆಟಗಾರ ಜಾನ್ ಬಾರ್ನ್ಸ್ ಅಂಥದೊಂದು ಹಣ್ಣನ್ನು ಹಿಮ್ಮಡಿಯಿಂದ ಮೈದಾನದಾಚೆಗೆ ತಳ್ಳುತ್ತಿರುವ ಚಿತ್ರ ಇಂದಿಗೂ ನಮ್ಮ ಮುಂದಿದೆ.

ಹಿಲ್ಸ್‌ಬರೋ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟು, ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂದು ಶಿಫಾರಸು ಮಾಡಿದರು. ಇಂಗ್ಲೆಂಡಿನ ಲೀಗಿನ ಅತ್ಯುನ್ನತ ಎರಡು ವಿಭಾಗಗಳ ಕ್ಲಬ್ಬುಗಳಿಗೆ 1994ರ ಆಗಸ್ಟ್‌ವರೆಗೆ ಗಡುವು ಸಿಕ್ಕಿತು. ಆದರೆ ಆ ವರದಿಯ ಇನ್ನೊಂದು ಮಾತನ್ನು ಎಲ್ಲರೂ ಬಹಳ ಬೇಗ ಮರೆತರು. ಆಸನದ ನೆಪದಲ್ಲಿ ಬೆಲೆ ಏರಿ ಬಡವರು ಹೊರಗುಳಿಯಬಾರದು ಎಂಬ ಕಾಳಜಿ ಟೇಲರ್ ಅವರಿಗಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಆಸನಕ್ಕೆ ಆಗ ಇದ್ದ 6 ಪೌಂಡ್ ದರವನ್ನು ಅವರು ಉದಾಹರಿಸಿದ್ದರು. ಕ್ಲಬ್ಬುಗಳು ಆಸನಗಳನ್ನು ಹಾಕಿದವು, ಬೆಲೆಯ ಮಾತನ್ನು ಬಿಟ್ಟವು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾಯಿತು, ಟಿವಿಯ ಹಣ ಹರಿದುಬಂತು, ಹಾಗಿದ್ದರೂ ಟಿಕೆಟ್ ದರ ಏರುತ್ತಲೇ ಹೋಯಿತು. ಜೀವ ಉಳಿಸಲು ಬೇಕಾಗಿದ್ದ ಒಂದು ಸುಧಾರಣೆ ಹೀಗೆ ವ್ಯಾಪಾರದ ದಾರಿಯೂ ಆಯಿತು. ಇದು ನನಗೆ ಅತ್ಯಂತ ನೋವಿನ ಸಂಗತಿ.

ಬೆಲೆ ಏರಿದಾಗ ಮೊದಲು ಹೊರಗುಳಿದವನು ಹದಿನಾರು ವರ್ಷದ ಹುಡುಗ. ಇಡೀ ವರ್ಷಕ್ಕೆ ಒಂದೇ ಆಸನವನ್ನು ಕಾಯ್ದಿರಿಸುವ ಸೀಸನ್ ಟಿಕೆಟ್ ಪದ್ಧತಿ ಈ ಗಾಯವನ್ನು ಇನ್ನಷ್ಟು ಆಳ ಮಾಡಿತು. ಮೂವತ್ತನೆಯ ವಯಸ್ಸಿನಲ್ಲಿ ಸೀಸನ್ ಟಿಕೆಟ್ ಪಡೆದವರು ಅರವತ್ತಾದರೂ ಅದೇ ಆಸನದಲ್ಲಿದ್ದಾರೆ. ಅದನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲವಾದ್ದರಿಂದ ಅವರು ಬಿಡುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅವರ ಪಕ್ಕದಲ್ಲಿ ಕೂರಬೇಕಾಗಿದ್ದ ಮಗನೋ ಮಗಳೋ ಸರದಿಯ ಪಟ್ಟಿಯಲ್ಲಿದ್ದಾರೆ. ನಾಲ್ವರು ಗೆಳೆಯರು ಹೇಗೋ ಟಿಕೆಟ್ ಹೊಂದಿಸಿಕೊಂಡರೂ ಅವರ ಆಸನಗಳು ನಾಲ್ಕು ಕಡೆ ಇರುತ್ತವೆ. ಹಾಡನ್ನು ಎತ್ತಬಲ್ಲವನು ಅಪರಿಚಿತರ ನಡುವೆ ಒಂಟಿಯಾಗಿ ಕೂತಿದ್ದರೆ ಬಾಯಿ ತೆರೆಯಲು ಸಂಕೋಚಪಡುತ್ತಾನೆ; ಎದ್ದು ನಿಂತರೆ ಹಿಂದಿನವರಿಗೆ ಕಾಣುವುದಿಲ್ಲ, ಸಿಬ್ಬಂದಿ ಬಂದು ಕೂರಿಸುತ್ತಾರೆ. ಪ್ರವಾಸಿಗರಿಂದ ವಾತಾವರಣ ಹಾಳಾಯಿತು ಎಂದು ದೂರುವವರೂ ಇದ್ದಾರೆ. ಲಂಡನ್ನಿನಲ್ಲಿ ಕೆಲಸ ಮಾಡುವ ಕನ್ನಡಿಗರೊಬ್ಬರು ಬಾಲ್ಯದಿಂದ ಪ್ರೀತಿಸಿದ ತಂಡವನ್ನು ಒಮ್ಮೆ ಕಣ್ಣಾರೆ ನೋಡಲು ಹೋದರೆ ಅದು ಅಪರಾಧವಲ್ಲ. ಅವರಿಗೆ ಹಾಡು ಕಲಿಸುವ ಗುಂಪು ಪಕ್ಕದಲ್ಲಿ ಇಲ್ಲದಿರುವುದೇ ಕೊರತೆ.

ಇದರ ಸುಳಿವು 2000ದ ನವೆಂಬರ್‌ನಲ್ಲೇ ಸಿಕ್ಕಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ನಾಯಕ ರಾಯ್ ಕೀನ್, ಡೈನಮೋ ಕೀವ್ ವಿರುದ್ಧದ ಪಂದ್ಯ ಗೆದ್ದ ನಂತರವೂ ತವರಿನ ಪ್ರೇಕ್ಷಕರ ಬಗ್ಗೆ ಸಿಟ್ಟಾದರು. ಹೊರ ಊರುಗಳಿಗೆ ಬರುವ ನಮ್ಮ ಅಭಿಮಾನಿಗಳು ಅದ್ಭುತ, ಇಲ್ಲಿನ ಕೆಲವರು ಪಾನೀಯ ಕುಡಿದು ಸೀಗಡಿ ಸ್ಯಾಂಡ್‌ವಿಚ್ ತಿನ್ನುತ್ತಾ ಮೈದಾನದಲ್ಲಿ ಏನಾಗುತ್ತಿದೆ ಎಂಬುದನ್ನೇ ಅರಿಯರು ಎಂಬುದು ಅವರ ಮಾತಿನ ತಾತ್ಪರ್ಯ. ಜನ ಸ್ಯಾಂಡ್‌ವಿಚ್ಚನ್ನು ನೆನಪಿಟ್ಟುಕೊಂಡರು, ಮೊದಲ ಅರ್ಧವನ್ನು ಮರೆತರು. ಮುಖ್ಯವಾದದ್ದು ಆ ಮೊದಲ ಅರ್ಧವೇ.

ಕಟ್ಟಡಗಳ ಪಾತ್ರವೂ ಇದೆ. ಲಂಡನ್ನಿನ ಆರ್ಸೆನಲ್ ತಂಡದ ಹಳೆಯ ಕ್ರೀಡಾಂಗಣವಾದ ಹೈಬರಿಯನ್ನು ಅದರ ಮೌನಕ್ಕಾಗಿ ಗ್ರಂಥಾಲಯವೆಂದು ಹೀಯಾಳಿಸುತ್ತಿದ್ದುದು ನಿಜ. 2006ರಲ್ಲಿ 60,000 ಆಸನಗಳ ಎಮಿರೇಟ್ಸ್‌ಗೆ ಹೋದ ಮೇಲೆ ಆ ಹೀಯಾಳಿಕೆಯೂ ಅದರ ಬೆನ್ನಿಗೇ ಹೋಯಿತು. ವೆಸ್ಟ್ ಹ್ಯಾಮ್ ತಂಡದ ಕಥೆ ಇನ್ನೂ ಕಠಿಣ. ಪೂರ್ವ ಲಂಡನ್ನಿನ ಅಪ್ಟನ್ ಪಾರ್ಕ್‌ನಲ್ಲಿ ಪ್ರೇಕ್ಷಕರು ಅಂಚಿನ ಗೆರೆಗೆ ಅಂಟಿಕೊಂಡಂತೆ ಇರುತ್ತಿದ್ದರು. 2016ರ ಮೇ ತಿಂಗಳಲ್ಲಿ ಅದನ್ನು ಬಿಟ್ಟು ತಂಡ 2012ರ ಒಲಿಂಪಿಕ್ ಕ್ರೀಡಾಂಗಣಕ್ಕೆ ಸ್ಥಳಾಂತರವಾಯಿತು. ಓಟದ ಸ್ಪರ್ಧೆಗಳಿಗಾಗಿ ಕಟ್ಟಿದ ಆ ಬಟ್ಟಲಿನಲ್ಲಿ ಮೈದಾನಕ್ಕೂ ಜನಕ್ಕೂ ನಡುವೆ ದೊಡ್ಡ ಅಂತರ ಉಳಿಯಿತು. ದಶಕಗಳಿಂದ ಅಕ್ಕಪಕ್ಕ ಕೂತವರಿಗೆ ಹೊಸ ಆಸನಗಳು ಹಂಚಿಕೆಯಾದವು, ನೆರೆಹೊರೆ ಒಡೆಯಿತು. ಓಟದ ಟ್ರ್ಯಾಕ್ ಇರುವ ಕ್ರೀಡಾಂಗಣದ ಕಷ್ಟ ಬೆಂಗಳೂರಿನವರಿಗೂ ಗೊತ್ತು. ಆದರೂ ನಮ್ಮ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಬಳಗ ಆ ಅಂತರವನ್ನು ದಾಟಿ ಕೇಳಿಸುತ್ತದೆ. ಕಾರಣ ಸರಳ: ಅವರು ಒಂದೇ ಕಡೆ, ಒಟ್ಟಿಗೆ, ನಿಂತು ಹಾಡುತ್ತಾರೆ.

ದನಿಯಿಂದ ಆಟಕ್ಕೆ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಕೋವಿಡ್ ಕಾಲ ಒಂದು ಉತ್ತರ ಕೊಟ್ಟಿತು. 2020–21ರ ಪ್ರೀಮಿಯರ್ ಲೀಗ್‌ನ ಬಹುತೇಕ ಪಂದ್ಯಗಳು ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ಒಟ್ಟು 380 ಪಂದ್ಯಗಳಲ್ಲಿ ತವರು ತಂಡಗಳು ಗೆದ್ದದ್ದು 144, ಹೊರಗಿನ ತಂಡಗಳು ಗೆದ್ದದ್ದು 153. ಇಂಗ್ಲೆಂಡಿನ ಅತ್ಯುನ್ನತ ವಿಭಾಗದ ಇತಿಹಾಸದಲ್ಲಿ ಹೊರಗಿನವರು ಹೆಚ್ಚು ಗೆದ್ದದ್ದು ಅದೇ ಮೊದಲು. ಆನ್‌ಫೀಲ್ಡ್‌ನಲ್ಲಿ ಸತತ 68 ಲೀಗ್ ಪಂದ್ಯಗಳಲ್ಲಿ ಸೋಲು ಕಾಣದಿದ್ದ ಲಿವರ್‌ಪೂಲ್, 2021ರ ಆರಂಭದಲ್ಲಿ ಅಲ್ಲೇ ಸತತ ಆರು ಪಂದ್ಯ ಸೋತಿತು. ಪ್ರಮುಖ ಆಟಗಾರರ ಗಾಯಗಳೂ ಇದಕ್ಕೆ ಕಾರಣವಾಗಿದ್ದವು ಎಂಬುದನ್ನು ಹೇಳಲೇಬೇಕು. ಆದರೆ ಖಾಲಿ ಕಾಪ್ ಒಂದು ಕಾರಣವಲ್ಲ ಎಂದು ಅಲ್ಲಿನ ಯಾವ ಅಭಿಮಾನಿಯೂ ಒಪ್ಪಲಾರ. ಟಿವಿ ವಾಹಿನಿಗಳು ಪ್ರೇಕ್ಷಕರ ಕೂಗನ್ನು ಕೃತಕವಾಗಿ ಸೇರಿಸಬೇಕಾಯಿತು. ಪ್ರೇಕ್ಷಕರಿಂದ ಹೆಚ್ಚು ಹಣ ಕೀಳುತ್ತಲೇ ಬಂದವರಿಗೆ, ತಾವು ಮಾರುವ ಸರಕಿನಲ್ಲಿ ಆ ಪ್ರೇಕ್ಷಕರ ದನಿಯೂ ಸೇರಿದೆ ಎಂಬುದು ಆಗ ಅರ್ಥವಾಗಿರಬೇಕು.

ಹೊರ ಊರಿಗೆ ಹೋದವರು ಹಾಡುವುದೇಕೆ ಎಂಬುದು ಈಗ ಸ್ಪಷ್ಟವಾಗುತ್ತದೆ. ಅವರು ಬೆಳಗಿನಿಂದ ಒಂದೇ ಬಸ್ಸಿನಲ್ಲೋ ರೈಲಿನಲ್ಲೋ ಜೊತೆಯಾಗಿ ಬಂದವರು. ವರ್ಷಗಟ್ಟಲೆ ಹೀಗೆ ಅಲೆದು ಒಬ್ಬರನ್ನೊಬ್ಬರು ಬಲ್ಲವರು. ಆಸನವಿದ್ದರೂ ಇಡೀ ಪಂದ್ಯವನ್ನು ನಿಂತೇ ನೋಡುವವರು. ಕಳೆದುಹೋದ ಹಳೆಯ ಸ್ಟ್ಯಾಂಡ್ ಚಿಕ್ಕ ರೂಪದಲ್ಲಿ ಆ ಮೂಲೆಯಲ್ಲಿ ಉಳಿದುಕೊಂಡಿದೆ.

ಹಾಗಾದರೆ ತವರಿನಲ್ಲಿ ಅದನ್ನು ಮತ್ತೆ ಕಟ್ಟಬಹುದೇ? ಕಟ್ಟಬಹುದು ಎಂಬುದಕ್ಕೆ ಪುರಾವೆಗಳಿವೆ. ದಕ್ಷಿಣ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನಲ್ಲಿ 2005ರಿಂದ ಹೋಮ್ಸ್‌ಡೇಲ್ ಫನಾಟಿಕ್ಸ್ ಎಂಬ ಬಳಗ ತಮಟೆ, ಬಾವುಟಗಳೊಂದಿಗೆ ಒಂದು ಭಾಗವನ್ನು ಜೀವಂತವಾಗಿಟ್ಟಿದೆ. ಪ್ರತಿ ಸಾಲಿನ ನಡುವೆ ಕಂಬಿಯಿದ್ದು, ನಿಂತರೂ ಯಾರೂ ಮುಂದಕ್ಕೆ ಬೀಳದಂಥ ಸುರಕ್ಷಿತ ವ್ಯವಸ್ಥೆಯನ್ನು ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ 2016ರಲ್ಲೇ ತಂದಿತು. ಇಂಗ್ಲೆಂಡ್ 2022ರ ಜನವರಿಯಲ್ಲಿ ಕೆಲವೇ ಕ್ಲಬ್ಬುಗಳಲ್ಲಿ ಪರೀಕ್ಷಿಸಿ, ಆ ವರ್ಷದ ಹೊಸ ಋತುವಿನಿಂದ ಉಳಿದವರಿಗೂ ಅನುಮತಿ ಕೊಟ್ಟಿತು. ನಿಲ್ಲುವುದು ಮತ್ತು ಬದುಕಿ ಮನೆಗೆ ಮರಳುವುದು ಪರಸ್ಪರ ವಿರುದ್ಧವಲ್ಲ ಎಂದು ಒಪ್ಪಲು 1994ರಿಂದ 28 ವರ್ಷ ಬೇಕಾಯಿತು.

ಆದರೆ ಕಂಬಿಯೊಂದರಿಂದಲೇ ಕೆಲಸ ಆಗದು. ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ 2019ರಲ್ಲಿ ತೆರೆದ ಹೊಸ ಕ್ರೀಡಾಂಗಣದಲ್ಲಿ 17,500 ಜನರ ಒಂದೇ ಅಂತಸ್ತಿನ ದಕ್ಷಿಣ ಸ್ಟ್ಯಾಂಡನ್ನು ಕಟ್ಟಿತು. ಅದಕ್ಕೆ ಮಾದರಿಯಾಗಿದ್ದದ್ದು ಸುಮಾರು 25,000 ಜನ ನಿಲ್ಲುವ, ಹಳದಿ ಗೋಡೆಯೆಂದು ಹೆಸರಾದ ಜರ್ಮನಿಯ ಡಾರ್ಟ್‌ಮುಂಡ್‌ನ ಸ್ಟ್ಯಾಂಡ್. ಆಕಾರವನ್ನು ಜರ್ಮನಿಯಿಂದ ತಂದರು, ದರವನ್ನು ತರಲಿಲ್ಲ. ಜರ್ಮನಿಯಲ್ಲಿ ಕ್ಲಬ್ಬಿನ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲಿ ಉಳಿಯಬೇಕೆಂಬ ನಿಯಮ 1998ರಿಂದ ಇದೆ. ನಿಲ್ಲುವ ಜಾಗದ ಟಿಕೆಟ್ ಅಗ್ಗವಾಗಿ ಉಳಿದಿರುವುದರ ಹಿಂದೆ ಆ ಸದಸ್ಯರ ಒತ್ತಾಯವಿದೆ.

ಇಂಗ್ಲೆಂಡಿನಲ್ಲೂ ಒತ್ತಾಯ ಫಲಿಸಿದ ಒಂದು ದಿನವಿದೆ. 2016ರ ಫೆಬ್ರವರಿ 6ರಂದು, ಟಿಕೆಟ್ ದರವನ್ನು 77 ಪೌಂಡ್‌ವರೆಗೆ ಏರಿಸುವ ಯೋಜನೆಯನ್ನು ವಿರೋಧಿಸಿ, ಆನ್‌ಫೀಲ್ಡ್‌ನ ಸಾವಿರಾರು ಅಭಿಮಾನಿಗಳು 77ನೇ ನಿಮಿಷದಲ್ಲಿ ಎದ್ದು ಹೊರನಡೆದರು. ಆಗ 2–0 ಮುಂದಿದ್ದ ಲಿವರ್‌ಪೂಲ್, ಅವರು ಹೋದ ಮೇಲೆ ಸಂಡರ್‌ಲ್ಯಾಂಡ್‌ಗೆ ಎರಡು ಗೋಲು ಬಿಟ್ಟುಕೊಟ್ಟು ಪಂದ್ಯ ಸಮವಾಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಯೋಜನೆಯನ್ನು ಹಿಂತೆಗೆದುಕೊಂಡರು. ಅದೇ ವರ್ಷದ ಹೊಸ ಋತುವಿನಿಂದ, ಹೊರ ಊರಿನಿಂದ ಬರುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಲು ಲೀಗಿನ ಎಲ್ಲ ಕ್ಲಬ್ಬುಗಳೂ ಒಪ್ಪಿದವು. ಹೊರಗಿನವರಿಗೆ ಸಿಕ್ಕ ಆ ಮಿತಿಯನ್ನು ತವರಿನ ಒಂದು ಸ್ಟ್ಯಾಂಡಿಗಾದರೂ ಅನ್ವಯಿಸಿ, ಅಲ್ಲಿ ಯುವಕರಿಗೆ ಪಾಲು ಮೀಸಲಿಟ್ಟು, ಗೆಳೆಯರು ಗುಂಪಾಗಿ ಸ್ಥಳ ಪಡೆಯುವ ವ್ಯವಸ್ಥೆ ಮಾಡಬೇಕೆಂಬುದು ನನ್ನ ವಾದ. ಅದಕ್ಕೆ ಹೊಸ ಕ್ರೀಡಾಂಗಣ ಬೇಡ, ಹೊಸ ಕಾನೂನೂ ಬೇಡ. ಕ್ಲಬ್ಬಿನ ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕು.