ನಿಮ್ಮೂರಿನ ನಕ್ಷೆ, ನಿಮ್ಮೂರಿನ ಚರಿತ್ರೆ

ಕೇಳುಗರಿಗೆ ನಮಸ್ಕಾರ. ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರ. ಬೆಂಗಳೂರಿನ ಸುತ್ತಣ ಈ ತಾಲ್ಲೂಕುಗಳಲ್ಲಿ ಬಡಾವಣೆಯ ಕಲ್ಲು ನೆಡದ ಹಳ್ಳಿಯನ್ನು ಈಗ ಹುಡುಕಬೇಕು. ಹೊಲ ಸೈಟಾಗುವುದಕ್ಕೆ ಒಂದು ಬೇಸಿಗೆ ಸಾಕು. ಜೆಸಿಬಿ ಓಡಾಡಿದ ಮೇಲೆ ಕಾಲುವೆ ಎಲ್ಲಿತ್ತು, ಊರಿಗೆಲ್ಲ ಸೇರಿದ ಮರಗಳ ಗುಂಡುತೋಪು ಎಲ್ಲಿತ್ತು ಎಂದು ತೋರಿಸಲು ನೆಲದ ಮೇಲೆ ಗುರುತೇ ಇರುವುದಿಲ್ಲ. ಆದ್ದರಿಂದ ಒಂದು ಸಣ್ಣ ಊರಿನ ಭೂಗೋಳವನ್ನೂ ಚರಿತ್ರೆಯನ್ನೂ ಆ ಊರಿನವರೇ ಬರೆದಿಡುವುದು ಹೇಗೆ ಎಂಬುದು ಇವತ್ತಿನ ಮಾತು.

ಊರಿನ ಚರಿತ್ರೆ ಎಂದ ಕೂಡಲೇ ಬಹಳ ಮಂದಿ ಗಂಗರು, ಚೋಳರು, ಹೊಯ್ಸಳರು ಎಂದು ಶುರು ಮಾಡುತ್ತಾರೆ. ಹತ್ತು ಪುಟ ಕಳೆದರೂ ಊರು ಬಂದಿರುವುದಿಲ್ಲ. ನೀರಿನಿಂದ ಶುರು ಮಾಡಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯಿಂದ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯನ್ನು ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಎರಡು ನದಿಗಳೂ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲೇ. ನಿಮ್ಮೂರಿನ ನೀರು ಯಾವ ಕಡೆಗೆ? ಮೊದಲ ವಾಕ್ಯ ಇದೇ ಆಗಲಿ.

ಗೊತ್ತಿಲ್ಲದಿದ್ದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಕೋಡಿಯಿಂದ ಹೊರಟು, ನೀರು ಹರಿಯುವ ದಿಕ್ಕಿಗೇ ನಡೆಯಿರಿ. ಮುಂದಿನ ಊರಿನ ಕೆರೆ ಸಿಗುತ್ತದೆ. ಯಲಹಂಕ ಕೆರೆಯ ಕೋಡಿ ನೀರು ಹೀಗೆಯೇ ಜಕ್ಕೂರು, ರಾಚೇನಹಳ್ಳಿ ಕೆರೆಗಳನ್ನು ತುಂಬಿಕೊಂಡು ಪೂರ್ವಕ್ಕೆ ಇಳಿಯುತ್ತದೆ. ಬಳಿಕ ಹಿಂದಿರುಗಿ, ನಿಮ್ಮ ಕೆರೆಗೆ ನೀರು ತರುವ ರಾಜಕಾಲುವೆಗಳನ್ನು ಮೇಲಕ್ಕೆ ಹಿಡಿದು ಹೋಗಿ. ಏರಿ ಎಂಬ ಕೆರೆಕಟ್ಟೆ, ಗದ್ದೆಗೆ ನೀರು ಬಿಡುವ ತೂಬು, ಕೋಡಿ, ಕೆರೆಯಂಗಳ, ಕೆರೆಯ ನೀರುಣ್ಣುವ ಅಚ್ಚುಕಟ್ಟು, ಇವಿಷ್ಟನ್ನೂ ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಏರಿಯ ಉದ್ದವನ್ನು ಹೆಜ್ಜೆ ಎಣಿಸಿ ಅಳೆಯಬೇಡಿ, ಟೇಪು ಹಿಡಿಯಿರಿ. ತೂಬಿನ ಕಲ್ಲುಕಂಬವನ್ನು ಮಾತ್ರ ನಿಧಾನವಾಗಿ ಎಲ್ಲ ಮುಖದಿಂದಲೂ ನೋಡಿ. ಕೆರೆ ಕಟ್ಟಿಸಿದವರ, ರಿಪೇರಿ ಮಾಡಿಸಿದವರ ಬರಹ ಅಲ್ಲೇ ಇರುವುದುಂಟು. ಅಂಥವರಿಗೆ ಬಿಟ್ಟುಕೊಟ್ಟ ಗದ್ದೆಗೆ ಶಾಸನಗಳಲ್ಲಿ ಕಟ್ಟುಕೊಡಗಿ ಎಂಬ ಹೆಸರಿದೆ.

ಕೆರೆಯ ಕಥೆ ಊರಿನ ಗಡಿಯೊಳಗೆ ಮುಗಿಯುವುದಿಲ್ಲ. ಹೆಸರಘಟ್ಟದ ಕೆರೆಯನ್ನೇ ನೋಡಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಸೋಲದೇವನಹಳ್ಳಿಯತ್ತ ಹರಿದು, ಅಲ್ಲಿಂದ ಪಂಪಿನ ಬಲದಲ್ಲಿ ನಗರಕ್ಕೆ ಏರುತ್ತಿತ್ತು. ಆ ನೀರು ಬರಬೇಕಾದದ್ದು ದೊಡ್ಡಬಳ್ಳಾಪುರದ ಮೇಲಿನ ಕೆರೆಗಳನ್ನು ದಾಟಿ. ಮೇಲಿನ ಕಾಲುವೆಗಳು ಮುಚ್ಚಿದವು, ಕೊಳವೆಬಾವಿಗಳು ಹೆಚ್ಚಿದವು, ನೀಲಗಿರಿ ಹರಡಿತು. ಈಗ ಹೆಸರಘಟ್ಟ ತುಂಬುವ ವರ್ಷವೇ ಅಪರೂಪ. ಕೆರೆ ಬತ್ತಿತು ಎಂದಷ್ಟೇ ಬರೆದರೆ ಸಾಲದು, ಯಾವ ಕಾಲುವೆ ಎಲ್ಲಿ ಕಡಿಯಿತು ಎಂಬುದನ್ನೂ ಬರೆಯಬೇಕು.

ಇನ್ನು ನಕ್ಷೆ. ಭೂಮಾಪನ ಇಲಾಖೆಯ ಗ್ರಾಮನಕ್ಷೆ ತನ್ನಿ. ಅದರಲ್ಲಿ ಊರಿನ ಒಂದೊಂದು ಸರ್ವೆ ನಂಬರಿನ ಗಡಿಯೂ, ಹಳ್ಳ, ಗಾಡಿದಾರಿ, ಕಾಲುದಾರಿಗಳೂ ಇರುತ್ತವೆ. ಮೂಲೆಯಲ್ಲಿ ಬರೆದಿರುವ ಪ್ರಮಾಣ ನೋಡಿ. ಮೈಲಿಗೆ 8 ಅಂಗುಲ ಎಂದಿದ್ದರೆ ನಕ್ಷೆಯ ಒಂದು ಅಂಗುಲ ನೆಲದ ಮೇಲೆ 660 ಅಡಿ. ಜೆರಾಕ್ಸ್ ಮಾಡಿಸುವಾಗ ಚಿಕ್ಕದು ದೊಡ್ಡದು ಮಾಡಿಸಿದರೆ ಈ ಲೆಕ್ಕ ಕೆಡುತ್ತದೆ. ಮನೆಗಳಿರುವ ಗ್ರಾಮಠಾಣ, ದನ ಮೇಯುವ ಗೋಮಾಳ, ಗುಂಡುತೋಪು, ಸ್ಮಶಾನ, ಕೆರೆ, ಸಾಗುವಳಿಗೆ ಬಾರದ ಖರಾಬು, ಇವುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ. ಮಳೆಯಾಶ್ರಿತ ಖುಷ್ಕಿ, ನೀರಾವರಿಯ ತರಿ, ತೋಟದ ಬಾಗಾಯ್ತು ಯಾವುವೆಂದು, ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದ ಆಕಾರ್‌ಬಂದ್ ದಾಖಲೆಯಿಂದ ತುಂಬಿಸಿ. ತರಿ ಜಮೀನು ಇರುವ ಕಡೆ ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ಹಳೆಯ ಅಚ್ಚುಕಟ್ಟು ತಾನಾಗಿ ಎದ್ದು ಕಾಣುತ್ತದೆ, ಕೆರೆ ಈಗ ಒಣಗಿದ್ದರೂ ಸರಿಯೇ.

ವಿಸ್ತೀರ್ಣ ಕೂಡುವಾಗ ಓದಿದವರೂ ತಪ್ಪುತ್ತಾರೆ. ಪಹಣಿಯಲ್ಲಿ 12.20 ಎಂದಿದ್ದರೆ ಅದು ಹನ್ನೆರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಹನ್ನೆರಡೂವರೆ ಎಕರೆ. ದಶಾಂಶ ಅಲ್ಲ. ಎಕರೆಗೆ 40 ಗುಂಟೆ, ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. 12.20ಕ್ಕೆ 3.30 ಸೇರಿಸಿದರೆ ಕಂಪ್ಯೂಟರು 15.50 ಎನ್ನುತ್ತದೆ. ಸರಿಯಾದ ಮೊತ್ತ 16 ಎಕರೆ 10 ಗುಂಟೆ. ಜನಗಣತಿ ಪುಸ್ತಕದಲ್ಲಿ ವಿಸ್ತೀರ್ಣ ಹೆಕ್ಟೇರಿನಲ್ಲಿರುತ್ತದೆ. ಒಂದು ಹೆಕ್ಟೇರು ಎಂದರೆ ಹತ್ತಿರ ಹತ್ತಿರ ಎರಡು ಎಕರೆ ಹತ್ತೊಂಬತ್ತು ಗುಂಟೆ.

ಕಲ್ಲುಗಳ ಮಾತಿಗೆ ಬರೋಣ. ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲೊಂದರಲ್ಲಿ, ಸುಮಾರು 890ರಲ್ಲೇ, ಬೆಂಗುಳೂರ ಕಾಳೆಗದ ಮಾತು ಬಂದಿದೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಅದಕ್ಕಿಂತಲೂ ಹಳೆಯದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಅದು ಹೊರಬಂದದ್ದು 2018ರಲ್ಲಿ, ಚರಂಡಿಗೆ ನೆಲ ಅಗೆಯುವಾಗ. ಇಂಥ ಕಲ್ಲು ನಿಮ್ಮೂರ ದನದ ಕೊಟ್ಟಿಗೆಯ ಪಕ್ಕದಲ್ಲೂ ಇರಬಹುದು. ಮೂರು ಪಟ್ಟೆಗಳಿದ್ದು ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಇದ್ದರೆ ಅದು ವೀರಗಲ್ಲು. ಕಾಳಗದ ಪಟ್ಟೆಯಲ್ಲಿ ದನಗಳಿದ್ದರೆ ಆತ ತುರುಗಾಳಗದಲ್ಲಿ ಸತ್ತವನು. ಬಳೆ ತೊಟ್ಟು ಎತ್ತಿದ ತೋಳು, ಸತಿಹೋದವಳ ನೆನಪಿನ ಮಾಸ್ತಿಕಲ್ಲಿನ ಗುರುತು. ಕೊಡೆ ಹಿಡಿದ ವಾಮನ, ಇಲ್ಲವೇ ಲಿಂಗದ ಮುದ್ರೆ ಇದ್ದರೆ ದಾನದ ಭೂಮಿಯ ಗಡಿಕಲ್ಲು. ಅದು ನಿಂತ ಜಾಗವೇ ಅದರ ಅರ್ಧ ಅರ್ಥ. ಆದ್ದರಿಂದ ಕಲ್ಲನ್ನು ಕಿತ್ತು ದೇವಸ್ಥಾನದ ಅಂಗಳಕ್ಕೆ ತಂದು ನಿಲ್ಲಿಸುವ ಒಳ್ಳೆಯ ಮನಸ್ಸಿನವರಲ್ಲಿ ಕೈಮುಗಿದು ಕೇಳುತ್ತೇನೆ: ಮೊದಲು ಜಾಗದ ಸರ್ವೆ ನಂಬರು ಬರೆಯಿರಿ, ಮುಖ ಯಾವ ದಿಕ್ಕಿಗಿತ್ತು ಎಂದು ಬರೆಯಿರಿ, ಫೋಟೊ ತೆಗೆಯಿರಿ.

ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆದರೆ ಸಾಕು. ತಂತಿ ಬ್ರಷ್ಷು, ಆಸಿಡ್ಡು ಬೇಡವೇ ಬೇಡ. ಅಕ್ಷರದೊಳಗೆ ಸುಣ್ಣ, ಬಣ್ಣ ತುಂಬಬೇಡಿ. ಬಣ್ಣ ಬಳಿದವರು ತಾವು ಕಂಡ ಅಕ್ಷರವನ್ನು ಬಳಿಯುತ್ತಾರೆ, ಕಲ್ಲಿನಲ್ಲಿರುವುದನ್ನಲ್ಲ. ಮುಂದೆ ಓದುವವರು ಆ ತಪ್ಪನ್ನೇ ಓದುತ್ತಾರೆ. ಎಣ್ಣೆ ಹಚ್ಚಿದರೆ ಧೂಳು ಅಂಟಿ ಗೆರೆಗಳು ಮುಚ್ಚುತ್ತವೆ. ಫೋಟೊಗೆ ನಡುಮಧ್ಯಾಹ್ನ ಹೋಗಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು ತೆಗೆದರೆ ಸವೆದ ಅಕ್ಷರವೂ ನೆರಳಾಗಿ ಮೂಡುತ್ತದೆ.

ನಿಮ್ಮ ಕಲ್ಲನ್ನು ಯಾರಾದರೂ ಓದಿದ್ದಾರೆಯೇ ಎಂದು ತಿಳಿಯಲು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟ ನೋಡಿ. ಬಿ. ಎಲ್. ರೈಸ್ ಅವರು 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಸಂಪುಟ ಅದು. ಜಿಲ್ಲೆ ಒಡೆದು ಗ್ರಾಮಾಂತರ ಜಿಲ್ಲೆಯಾದದ್ದು 1986ರಲ್ಲಿ, ರಾಮನಗರ ಬೇರೆಯಾದದ್ದು 2007ರಲ್ಲಿ. ಆದ್ದರಿಂದ ಅಂದಿನ ತಾಲ್ಲೂಕಿನಲ್ಲೇ ಹುಡುಕಬೇಕು. ಇಲ್ಲದಿದ್ದರೆ ಇರುವ ಶಾಸನವೂ ಸಿಗುವುದಿಲ್ಲ. ಹೊಸ ಕಲ್ಲು ಕಂಡರೆ ರಾಜ್ಯ ಪುರಾತತ್ತ್ವ ಇಲಾಖೆಗೆ, ಇಲ್ಲವೇ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ. ಈ ಸೊಸೈಟಿಯಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ.

ಶಾಸನದಲ್ಲಿ ಬರೆದ ಶಕವರ್ಷಕ್ಕೆ 78 ಸೇರಿಸಿದರೆ ಇಸವಿ. ಶಕ 1459 ಎಂದರೆ 1537. ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರೂ ತಾಳೆಯಾಗಬೇಕು. ಆ ಕಲ್ಲಿನಲ್ಲಿ ಹೇವಿಳಂಬಿ ಎಂದಿದೆ ಎನ್ನಿ. ಹೇವಿಳಂಬಿ 2017ರ ಯುಗಾದಿಗೆ ಬಂದಿತ್ತು, ಅರವತ್ತರ ಲೆಕ್ಕದಲ್ಲಿ ಎಂಟು ಸುತ್ತು ಹಿಂದೆ ಹೋದರೆ 1537. ಎರಡೂ ಕೂಡಿಬರದಿದ್ದರೆ ಅಂಕಿಯನ್ನು ಇನ್ನೊಮ್ಮೆ ಓದಿ.

ಹಿರಿಯರ ಹತ್ತಿರ ಕುಳಿತಾಗ ಊರಿನ ಹೆಸರು ಹೇಗೆ ಬಂತು ಎಂದು ಮೊದಲೇ ಕೇಳಿದರೆ ಯಾರೋ ಕಟ್ಟಿದ ಕಥೆ ಬರುತ್ತದೆ. ನಲ್ಲಿಗೆ ಮುಂಚೆ ನೀರು ಯಾವ ಬಾವಿಯದು, ಸಂತೆ ಯಾವ ಊರಿಗೆ, ಕೆರೆಯ ನೀರು ಬಿಡುವ ನೀರುಗಂಟಿ ಯಾರ ಮನೆಯವರು, ಗದ್ದೆಗೆ ನೀರು ಹಂಚುತ್ತಿದ್ದುದು ಹೇಗೆ, ರಾಗಿ ಹೊಲದ ನಡುನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಏನೇನು ಹಾಕುತ್ತಿದ್ದರು, ಇವನ್ನು ಕೇಳಿ. ಇಸವಿ ಹೇಳಲಾಗದವರಿಗೆ ಹಿಂದಿನವರ ಬಾಯಿಂದ ಬಂದ ಗುರುತುಗಳು ಗೊತ್ತಿರುತ್ತವೆ: 1876ರಿಂದ 78ರ, ಆ ಸಂವತ್ಸರಗಳ ಹೆಸರಿನ ಧಾತು ಈಶ್ವರ ಬರ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು. ಪ್ಲೇಗಿಗೆ ಹೆದರಿ ಊರಾಚೆ ಗುಡಿಸಲು ಹಾಕಿದವರು ಅಲ್ಲೇ ಉಳಿದು ಹೊಸ ಊರಾಗಿದ್ದರೆ, ಹಳೇ ಊರಿನ ಪಾಳುಬಾವಿಯನ್ನು ನಕ್ಷೆಯಲ್ಲಿ ಗುರುತಿಸಿ. ಪಟೇಲರ, ಶಾನುಭೋಗರ ಮನೆಯಲ್ಲಷ್ಟೇ ಕೇಳಿ ಬರೆದದ್ದು ಊರಿನ ಚರಿತ್ರೆಯಲ್ಲ. ತೋಟಿ, ತಳವಾರರ ಮನೆಗಳಲ್ಲಿ, ಕಾಲೊನಿಯಲ್ಲಿ ಕೇಳಬೇಕು, ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಬೇಕು. ಕಾಲುವೆಯ ಹೂಳೆತ್ತಿದ ಕೈಗಳಿಗೆ ಕಾಲುವೆಯ ದಾರಿ ಚೆನ್ನಾಗಿ ಗೊತ್ತು. ಒಬ್ಬರ ಮಾತು ಇನ್ನೊಬ್ಬರದಕ್ಕೆ ಹೊಂದದಿದ್ದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು, ಯಾವ ದಿನ ಎಂಬುದನ್ನು ಸೇರಿಸಿ.

ಬರೆದದ್ದರ ಒಂದು ಪ್ರತಿ ಶಾಲೆಗೆ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ. ಬಣ್ಣ ಹಚ್ಚಿದ ನಕ್ಷೆಯನ್ನು ಮಡಚದೆ ಸುರುಳಿ ಸುತ್ತಿಡಿ, ಮಡಿಕೆಯ ಗೆರೆಯಲ್ಲೇ ಕಾಗದ ಮೊದಲು ಹರಿಯುವುದು. ನಮಸ್ಕಾರ.