ಒಪ್ಪಿಗೆಯಿಲ್ಲದೆ ಉಳಿದ ಸುರ್‌ಬಹಾರ್

ಎಲ್ಲರಿಗೂ ನಮಸ್ಕಾರ. ಇಂದು ನಾನು ಮಾತಾಡಲಿರುವ ಕಲಾವಿದೆ ತಮ್ಮ ವಾದನವನ್ನು ಧ್ವನಿಮುದ್ರಿಕೆಯಾಗಿ ಮಾರುಕಟ್ಟೆಗೆ ಬಿಡಲು ಒಪ್ಪಿದವರಲ್ಲ. ಆದರೂ ಇಲ್ಲಿರುವ ಹಲವರು ಅವರ ಮಾಂಝ್ ಖಮಾಜ್ ರಾಗದ ಟೇಪು ಕೇಳಿದ್ದೀರಿ. ಎಲ್ಲಿ ಸಿಕ್ಕಿತು ಎಂದರೆ ‘ಯಾರೋ ಕೊಟ್ಟರು’ ಎನ್ನುತ್ತೀರಿ. ಆ ಯಾರೋ ಒಬ್ಬರಿಗೆ ಇನ್ಯಾರೋ ಕೊಟ್ಟಿರುತ್ತಾರೆ.

ಅವರು ಅನ್ನಪೂರ್ಣಾದೇವಿ; ನುಡಿಸುತ್ತಿದ್ದುದು ಸುರ್‌ಬಹಾರ್ ಎಂಬ ತಂತಿವಾದ್ಯ. ಮೈಹರ್‌ನ ಸಂಗೀತ ಗುರು ಅಲ್ಲಾವುದ್ದೀನ್ ಖಾನರ ಮಗಳು, ಸರೋದ್ ವಾದಕ ಅಲಿ ಅಕ್ಬರ್ ಖಾನರ ತಂಗಿ. 1941ರಲ್ಲಿ ಸಿತಾರ್ ವಾದಕ ರವಿಶಂಕರರನ್ನು ಮದುವೆಯಾದರು. 1950ರ ದಶಕದಲ್ಲಿ ಇಬ್ಬರೂ ಜೊತೆಯಾಗಿ ಕೆಲವು ಕಛೇರಿ ಕೊಟ್ಟರು. ಆಮೇಲೆ ಅನ್ನಪೂರ್ಣಾದೇವಿ ವೇದಿಕೆ ಹತ್ತುವುದನ್ನೇ ಬಿಟ್ಟರು. ಏಕೆ ಎಂಬುದಕ್ಕೆ ಕಥೆಗಳು ಬೇಕಾದಷ್ಟಿವೆ, ಧಾರಾವಾಹಿಗೂ ಸಾಲುವಷ್ಟು. ಅವು ಇಂದು ಬೇಡ. ಮುಂಬೈಯ ಮನೆಯಲ್ಲಿ ದಶಕಗಳ ಕಾಲ ಪಾಠ ಹೇಳಿ, 2018ರಲ್ಲಿ ತೀರಿಕೊಂಡರು. ಕೊಳಲುವಾದಕ ಹರಿಪ್ರಸಾದ್ ಚೌರಾಸಿಯಾ ಅವರಂಥ ಶಿಷ್ಯರಿಗೂ ವಾದ್ಯ ನುಡಿಸದೆ ಹಾಡಿಯೇ ಹೇಳಿಕೊಡುತ್ತಿದ್ದರು. ಬಾಗಿಲೊಳಗೆ ಹೋದವರಿಗೂ ಆ ವಾದ್ಯ ಸುಲಭವಾಗಿ ದಕ್ಕಲಿಲ್ಲ ಎಂದಾಯಿತು.

ಹಿಂದೂಸ್ತಾನಿ ಸಂಗೀತಕ್ಕೂ ಇಂಥ ಖಾಸಗಿ ಟೇಪುಗಳಿಗೂ ಹಳೆಯ ನಂಟು. 78 ಆರ್‌ಪಿಎಮ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರೂವರೆ ನಿಮಿಷದ ಆಸುಪಾಸು. ಅಷ್ಟರಲ್ಲಿ ಸುರ್‌ಬಹಾರ್ ವಾದಕರು ಷಡ್ಜ ಬಿಟ್ಟು ಮೇಲೇಳುವುದೇ ಕಷ್ಟ! ಸಿತಾರಿಗಿಂತ ದೊಡ್ಡ ವಾದ್ಯ, ದಪ್ಪ ತಂತಿ. ಒಮ್ಮೆ ಮೀಟಿ, ಆ ನಾದ ಆರುವ ಮೊದಲೇ ತಂತಿ ಎಳೆದು ಹಲವು ಸ್ವರಗಳನ್ನು ಹೊರಡಿಸುವ ವಾದ್ಯ. ರಾಗ ಪೂರ್ತಿ ಬಿಚ್ಚಿಕೊಳ್ಳುತ್ತಿದ್ದುದು ಬೈಠಕ್ ಎಂಬ ಖಾಸಗಿ ಕೂಟದಲ್ಲಿ, ಅದು ಉಳಿದದ್ದು ಯಾವನೋ ರಸಿಕ ಹೊತ್ತು ತಂದ ಸ್ಪೂಲ್ ಟೇಪ್ ಯಂತ್ರದಲ್ಲಿ.

ನನ್ನ ಬಳಿ ಇರುವುದು ಪ್ರತಿಯ ಪ್ರತಿ. ಮೊದಲು ಬರೀ ಸುಯ್ ಎನ್ನುವ ಸದ್ದು, ಬಾಣಲೆಯಲ್ಲಿ ಎಣ್ಣೆ ಕಾದಂತೆ. ಅದರ ತಳದಿಂದ ಮಂದ್ರ ಸಪ್ತಕದ ಒಂದು ಸ್ವರ ಮೇಲಕ್ಕೆ ಜಾರುತ್ತದೆ. ಎಲ್ಲಿ ನಿಲ್ಲುತ್ತದೆ ಎಂದು ಕಿವಿ ಇನ್ನೂ ಮುಂದೆ ಬಾಗುತ್ತದೆ. ಸ್ಟುಡಿಯೋದ ಸ್ವಚ್ಛ ಮುದ್ರಣಕ್ಕೆ ನಾನು ಹೀಗೆ ಬಾಗಿದ್ದಿಲ್ಲ. ಅಲ್ಲಿ ಕಲಾವಿದರು ನನಗಾಗಿಯೇ ನುಡಿಸುತ್ತಾರೆ; ಇಲ್ಲಿ ನಾನು ಗೋಡೆಗೆ ಕಿವಿಯಿಟ್ಟವನು. ಸುಖದೊಳಗೆ ಸ್ವಲ್ಪ ನಾಚಿಕೆಯೂ ಬೆರೆತಿರುತ್ತದೆ, ಸುಳ್ಳು ಹೇಳುವುದಿಲ್ಲ.

ಪಾಪ್ ಸಂಗೀತದಲ್ಲೂ ಇಂಥ ಪ್ರತಿಗಳ ಕಥೆಯಿದೆ. ಅಮೆರಿಕದ ಬೀಚ್ ಬಾಯ್ಸ್ ತಂಡ 1967ರಲ್ಲಿ ಕೈಬಿಟ್ಟ ‘ಸ್ಮೈಲ್’ ಆಲ್ಬಂನ ಕಳ್ಳ ಪ್ರತಿಗಳನ್ನು ಅಭಿಮಾನಿಗಳು ದಶಕಗಳ ಕಾಲ ಹಂಚಿಕೊಂಡರು. ಹಾಡುಗಳ ಕ್ರಮವನ್ನು ತಾವೇ ಊಹಿಸಿ ಜೋಡಿಸಿದರು. 2011ರಲ್ಲಿ ಆ ಮುದ್ರಣಗಳು ಅಧಿಕೃತವಾಗಿ ಹೊರಬಂದವು, ಕಳ್ಳ ಪ್ರತಿಗೆ ಕಾರಣವೇ ಉಳಿಯಲಿಲ್ಲ. ಆದರೆ ಅಲ್ಲಿ ಆಲ್ಬಂ ಮುಗಿಯದೆ ನಿಂತಿತ್ತು. ಇಲ್ಲಿ ಒಬ್ಬ ಹೆಂಗಸು ಬೇಡ ಎಂದಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ರಸಿಕರ ಜೊತೆ ನನಗೆ ಜಗಳವಿದೆ.

ಜಗಳವಾಡುತ್ತಲೇ ಟೇಪು ತಂದಿದ್ದೇನೆ. ಆರಂಭದಲ್ಲಿ ಸದ್ದು ತೀರಾ ಸಣ್ಣದು. ದಯವಿಟ್ಟು ಯಾರಾದರೂ ಆ ಫ್ಯಾನ್ ಆರಿಸಿ.